ಹದಿನೈದು ದಡ್ಡರು ಬೇಕಾಗಿದ್ದಾರೆ

ಹರೀಂದ್ರನ್ ಪಟ್ಟ ಪಾಡಿಗೆಲ್ಲ ಮೂಲ ಒಂದು ಬೋರ್ಡು. ಅದನ್ನು ಬರೆಸಿದವರು ಕಾಲೇಜಿನ ಆಫೀಸು ಸೂಪರಿಂಟೆಂಡೆಂಟ್ ಕುಞ್ಞಿರಾಮನ್. ಅವರನ್ನು ಬೈಯುವಂತೆಯೂ ಇರಲಿಲ್ಲ, ಯಾಕೆಂದರೆ ಬರೆಸಿದ್ದು ಪೂರ್ತಿ ಒಳ್ಳೆಯ ಮನಸ್ಸಿನಿಂದ.

ಫಿಸಿಕ್ಸ್ ಓದುತ್ತೇನೆಂದು ಹುಮ್ಮಸ್ಸಿನಿಂದ ಬಿ.ಎಸ್‌ಸಿ. ಸೇರಿ, ಒಂದನೇ ವರ್ಷದ ಮೊದಲ ಪರೀಕ್ಷೆಯಲ್ಲೇ ಮಕಾಡೆ ಮಲಗಿದ ಮಕ್ಕಳಿಗೆ ಸಂಜೆ ಹೊತ್ತು ಬೇರೆಯಾಗಿ ಪಾಠ ಹೇಳಿ ಮೇಲೆತ್ತಬೇಕೆಂದು ವಿಶ್ವವಿದ್ಯಾಲಯ ಒಂದು ಯೋಜನೆ ತಂದಿತ್ತು. ಹೆಸರು ‘ಕೈತ್ತಾಂಗ್’, ಬಿದ್ದವರಿಗೆ ಕೈಯಾಸರೆ. ಆ ಪಾಠಕ್ಕೆಂದೇ ಹರೀಂದ್ರನ್‌ನನ್ನು ಅತಿಥಿ ಉಪನ್ಯಾಸಕನಾಗಿ ತೆಗೆದುಕೊಂಡಿದ್ದರು. ಅತಿಥಿ ಎಂಬುದು ಹೆಸರಿಗೆ ಮಾತ್ರ. ಆ ಗುಡ್ಡದ ಮೇಲಿನ ಕಾಲೇಜಿನಲ್ಲಿ ಅವನಿಗೆ ಒಂದು ಗ್ಲಾಸು ಚಾಯ ಕೊಟ್ಟು ‘ಕೂತ್ಕೊಳ್ಳಿ’ ಎಂದವರು ಯಾರೂ ಇರಲಿಲ್ಲ. ಯೋಜನೆ ಇರುವ ತನಕ ಅವನು, ಯೋಜನೆ ಮುಚ್ಚಿದ ದಿನ ಅವನೂ ಗುಡ್ಡ ಇಳಿಯಬೇಕು.

ಇಳಿದರೆ ಹೋಗಿ ಕೂರಬೇಕಾದದ್ದು ಪಯ್ಯನ್ನೂರಿನಲ್ಲಿರುವ ಮಾವನ ಕೊಡೆ ಅಂಗಡಿಯಲ್ಲಿ. ಹೋದ ವರ್ಷ ಕೆಲಸವಿಲ್ಲದಾಗ ಕುಳಿತೂ ಇದ್ದ. ‘ನಮ್ಮ ಅಳಿಯ, ಎಂ.ಎಸ್‌ಸಿ.ಯಲ್ಲಿ ಫಸ್ಟ್ ಕ್ಲಾಸು. ಆ ಮೂರು ಮಡಿಕೆಯದ್ದು ಬಿಚ್ಚಿ ತೋರಿಸು ಮೋನೇ’ ಎಂದು ಮಾವ ಗಿರಾಕಿಗಳ ಮುಂದೆ ಹೇಳುತ್ತಿದ್ದುದು ನೆನಪಾದರೆ ಅವನಿಗೆ ಇವತ್ತಿಗೂ ಬೆವರು ಕಿತ್ತುಕೊಂಡು ಬರುತ್ತದೆ.

ಇನ್ನು ಬೋರ್ಡಿನ ವಿಷಯ. ಕೈತ್ತಾಂಗ್‌ಗೆ ಸಿಕ್ಕಿದ್ದು ಕ್ಯಾಂಟೀನಿನ ಎದುರುಗಡೆಯ ಕೋಣೆ. ಮಕ್ಕಳು ಕೋಣೆ ಹುಡುಕಿಕೊಂಡು ಅಲೆಯಬಾರದೆಂದು ಕುಞ್ಞಿರಾಮನ್ ಕೈಯುದ್ದದ ಕೆಂಪಕ್ಷರಗಳಲ್ಲಿ ‘ಓದಿನಲ್ಲಿ ಹಿಂದೆ ಬಿದ್ದವರು ಇಲ್ಲಿ ಒಳಗೆ ಬರಬೇಕು’ ಎಂದು ಬರೆಸಿ, ಕೆಳಗೊಂದು ಬಾಣದ ಗುರುತನ್ನೂ ಹಾಕಿಸಿ ಬಾಗಿಲ ಮೇಲೆ ತೂಗುಹಾಕಿಸಿದರು. ಪಳಂಪೊರಿ ಎಂಬ ಬಾಳೆಹಣ್ಣಿನ ಬೋಂಡ ತಿನ್ನುತ್ತ ಕುಳಿತ ಇಡೀ ಕಾಲೇಜಿನ ಕಣ್ಣೆದುರು ಆ ಬಾಗಿಲು ದಾಟುವ ಎದೆಗಾರಿಕೆ ಹದಿನೆಂಟರ ಯಾವ ಹುಡುಗನಿಗೆ ಇದ್ದೀತು? ನಿಜವಾಗಿಯೂ ಪಾಠ ಬೇಕಾಗಿದ್ದವರು ಆ ಕೋಣೆಯ ನೆರಳೂ ಸೋಕದಂತೆ ಲೈಬ್ರರಿಯ ಹಿಂದಿನಿಂದ ಸುತ್ತಿಕೊಂಡು ಬಸ್ಸಿಗೆ ಹೋಗುತ್ತಿದ್ದರು.

ಬರುತ್ತಿದ್ದವಳು ಒಬ್ಬಳೇ, ಷಹ್ಲಾ. ಅವಳು ತರಗತಿಗೇ ಮೊದಲಿಗಳು. ಎಲ್ಲಿಯೋ ಪಾಠ ನಡೆಯುತ್ತಿದೆ, ತಾನು ಅಲ್ಲಿಲ್ಲ ಎಂದರೆ ಆ ಹುಡುಗಿಗೆ ಅನ್ನ ಇಳಿಯುತ್ತಿರಲಿಲ್ಲ. ಹೀಗೆ ಮೂರು ತಿಂಗಳಿಂದ ಹರೀಂದ್ರನ್ ಎಲ್ಲವೂ ಗೊತ್ತಿದ್ದ ಒಬ್ಬಳಿಗೆ ಎಲ್ಲವನ್ನೂ ಮತ್ತೆ ಹೇಳಿಕೊಡುತ್ತ, ಇದು ಯಾರ ಕಣ್ಣಿಗೂ ಬೀಳದಿರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿಯುತ್ತ ಬಂದಿದ್ದ.

ಆ ದಿನ ಬೆಳಿಗ್ಗೆ ವಿಭಾಗದ ಮುಖ್ಯಸ್ಥೆ ಪದ್ಮಾವತಿ ಟೀಚರ್ ಅವನನ್ನು ಕರೆದು, “ಹರೀಂದ್ರಾ, ಚಾಯ ಆಯ್ತಾ?” ಎಂದು ಕೇಳಿದರು. ಅವರು ಹೀಗೆ ಕೇಳಿದ್ದು ಅದೇ ಮೊದಲು. ಏನೋ ಗ್ರಹಚಾರ ಕಾದಿದೆ ಎಂದುಕೊಂಡ ಹರೀಂದ್ರನ್.

“ಮಧ್ಯಾಹ್ನದ ಮೇಲೆ ಯೂನಿವರ್ಸಿಟಿಯಿಂದ ಪ್ರೊಫೆಸರ್ ಇಂದಿರಾ ವಾರಸ್ಯಾರ್ ಬರ್ತಿದ್ದಾರೆ. ಕೈತ್ತಾಂಗ್ ಇಟ್ಕೋಬೇಕಾ, ಮುಚ್ಚಬೇಕಾ ಅಂತ ನೋಡೋಕೆ. ಹದಿನೈದು ಮಕ್ಕಳು ಬರ್ತಾರೆ ಅಂತ ನಾನು ಹೇಳಿಬಿಟ್ಟಿದ್ದೀನಿ.”

“ಬರೋದು ಷಹ್ಲಾ ಒಬ್ಬಳೇ ಅಲ್ವಾ ಟೀಚರ್?”

“ಅದು ನನಗೂ ಗೊತ್ತಪ್ಪ. ಇನ್ನೂ ಹದಿನಾಲ್ಕು ಜನರನ್ನ ಹಿಡ್ಕೊಂಡು ಬಾ. ನಮ್ಮಲ್ಲಿ ಫೇಲಾದವರಿಗೇನು ಬರಗಾಲ? ಕೋಣೆ ಖಾಲಿ ಇದ್ರೆ ಅವರು ಇವತ್ತೇ ಮುಚ್ಚಿ ಹೋಗ್ತಾರೆ. ಆಮೇಲೆ ನಿನ್ನನ್ನ ಇಟ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ.”

ಹರೀಂದ್ರನ್ ಒಂದನೇ ವರ್ಷದ ತರಗತಿಗೆ ಓಡಿದ. ಮೆತ್ತಗಿನ ದನಿಯಲ್ಲಿ, “ಯಾರಿಗೆಲ್ಲ ಫಿಸಿಕ್ಸ್ ಸ್ವಲ್ಪ ಕಷ್ಟ ಆಗ್ತಿದೆ? ನಾಚಿಕೆ ಬೇಡ, ಕೈ ಎತ್ತಿ” ಎಂದ. ಒಂದು ಕೈಯೂ ಮೇಲೇಳಲಿಲ್ಲ. ಪರೀಕ್ಷೆಯಲ್ಲಿ ಬರೀ ಹೆಸರು ಬರೆದು ಬಂದಿದ್ದ ಹುಡುಗನೊಬ್ಬ, “ಅವತ್ತು ನಂಗೆ ಜ್ವರ ಇತ್ತು ಸಾರ್. ವಿಷಯ ಎಲ್ಲ ಗೊತ್ತು” ಎಂದ. ಪಕ್ಕದವನಿಗೆ ಅಂದು ಅಕ್ಕನ ಮದುವೆ ಇತ್ತಂತೆ. ಅವನ ಹಿಂದಿನವನಿಗೆ ಉತ್ತರ ಎಲ್ಲ ಬರುತ್ತಿತ್ತಂತೆ, ಪೆನ್ನು ಕೈಕೊಟ್ಟಿತಂತೆ. ಅಂಥ ಪಂಡಿತರ ಸಭೆಯನ್ನು ಹರೀಂದ್ರನ್ ಎಲ್ಲಿಯೂ ಕಂಡಿರಲಿಲ್ಲ.

ಸಪ್ಪೆ ಮುಖ ಹೊತ್ತು ಹೊರಗೆ ಬಂದವನಿಗೆ ಕುಞ್ಞಿರಾಮನ್ ಎದುರಾದರು.

“ಏನು ಮಾಷೇ, ಮುಖ ಯಾಕೆ ಹಾಗಿದೆ?”

ಹೇಳಬಾರದಿತ್ತು, ಹೇಳಿಬಿಟ್ಟ. ಕುಞ್ಞಿರಾಮನ್ ಮನಸ್ಸು ಕರಗಿತು. ಅವರ ಮನಸ್ಸು ಕರಗಿದಾಗಲೆಲ್ಲ ಯಾರಿಗಾದರೂ ಆಪತ್ತು ತಪ್ಪಿದ್ದಲ್ಲ.

“ಅಷ್ಟೇ ತಾನೇ? ನಾನಿಲ್ವಾ? ನೀವು ಆರಾಮಾಗಿ ಹೋಗಿ ಊಟ ಮಾಡಿ.”

“ರಾಮೇಟ್ಟ,” ಎಂದು ಹರೀಂದ್ರನ್ ಅಣ್ಣಾ ಎನ್ನುವಂತೆ ಅಂಗಲಾಚಿದ, “ದಯವಿಟ್ಟು ನೀವೇನೂ ಮಾಡಬೇಡಿ.”

ಅವನು ಕ್ಯಾಂಟೀನಿನಲ್ಲಿ ಪರೋಟದ ಮೊದಲ ತುಂಡು ಮುರಿಯುವಷ್ಟರಲ್ಲಿ ಕಾಲೇಜಿನ ಮೈಕು ಗೊರಗೊರ ಎಂದಿತು. “ಪ್ರಿಯ ವಿದ್ಯಾರ್ಥಿಗಳೇ,” ಎಂದು ಕುಞ್ಞಿರಾಮನ್ ಕಂಠ ಗುಡ್ಡವಿಡೀ ಮೊಳಗಿತು. “ಫಿಸಿಕ್ಸಿನಲ್ಲಿ ಮುಗ್ಗರಿಸಿದ ಒಂದನೇ ವರ್ಷದ ಮಕ್ಕಳು ಸಂಜೆ ಕ್ಯಾಂಟೀನಿನ ಎದುರು ಕೋಣೆಗೆ ಬರಬೇಕು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಿಮಗೆ ಮರೆತಿದ್ದರೆ ಇರಲಿ ಅಂತ ಹೆಸರುಗಳನ್ನ ಓದ್ತೀನಿ.”

ಹರೀಂದ್ರನ್ ಎಂಜಲು ಕೈಯಲ್ಲೇ ಆಫೀಸಿಗೆ ಓಡಿದ. ಅವನು ಮುಟ್ಟುವ ಹೊತ್ತಿಗೆ ಕುಞ್ಞಿರಾಮನ್ ಹೆಸರುಗಳನ್ನೆಲ್ಲ ಅಂಕಗಳ ಸಮೇತ ಓದಿ ಮುಗಿಸಿ, ಬೆವರು ಒರೆಸಿಕೊಳ್ಳುತ್ತಿದ್ದರು. ಕಿಟಕಿಯಿಂದ ನೋಡಿದರೆ ಒಂದನೇ ವರ್ಷದ ಫಿಸಿಕ್ಸ್ ಮಕ್ಕಳು ಚೀಲ ಹೆಗಲಿಗೇರಿಸಿ, ತಲೆ ತಗ್ಗಿಸಿ ಕಾಲೇಜಿನ ಗೇಟಿನ ಕಡೆ ಸರಿಯುತ್ತಿದ್ದರು. ಅವರನ್ನು ನೋಡಿ ಹರೀಂದ್ರನ್‌ಗೆ ನಿಜವಾಗಿ ಸಂಕಟವಾಯಿತು. ತನ್ನ ಕೆಲಸ ಹೋಗುತ್ತದೆಂಬ ಭಯದ ನಡುವೆಯೂ, ಪಾಪ ಈ ಮಕ್ಕಳು ಇನ್ನು ಯಾರ ಹತ್ತಿರ ಹೋಗಿ ‘ಅರ್ಥವಾಗಲಿಲ್ಲ’ ಎಂದಾರು ಎನ್ನಿಸಿತು.

ಸ್ಟಾಫ್ ರೂಮಿನಲ್ಲಿ ತಲೆಗೆ ಕೈಹೊತ್ತು ಕುಳಿತಿದ್ದವನ ಬೆನ್ನಿಗೆ ಒಂದು ಗುದ್ದು ಬಿತ್ತು. ಕಾಮರ್ಸಿನ ಜೋಸ್‌ಕುಟ್ಟಿ. ಎನ್.ಸಿ.ಸಿ.ಯ ಉಸ್ತುವಾರಿ ಅವರದೇ ಆದ್ದರಿಂದ ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಪ್ರೀತಿಯಿಂದ ಗುದ್ದುವುದು ಅವರ ಅಭ್ಯಾಸ.

“ಮೈಕಲ್ಲಿ ಕೇಳಿದೆ. ಎಷ್ಟು ತಲೆ ಬೇಕು ನಿನಗೆ?”

“ಹದಿನಾಲ್ಕು.”

“ನನ್ನ ಹುಡುಗರು ಇವತ್ತು ಪರೇಡಿಗೆ ಬಂದಿದ್ದಾರೆ. ಎಲ್ಲ ಒಂದನೇ ವರ್ಷದ ಕಾಮರ್ಸು. ಬಟ್ಟೆ ಬದಲಾಯಿಸಿ ಕಳಿಸ್ತೀನಿ.”

“ಕ್ಯಾಪ್ಟನ್, ಅವರಿಗೆ ಫಿಸಿಕ್ಸ್ ಒಂದಕ್ಷರ ಬರಲ್ವಲ್ಲ.”

“ಬರದೇ ಇರೋರು ತಾನೇ ಬೇಕಿರೋದು ನಿನಗೆ?”

ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುವಂತೆ ಹರೀಂದ್ರನ್ ತಲೆಯಾಡಿಸಿದ. ಪದ್ಮಾವತಿ ಟೀಚರ್ ಕೇಳಿ, “ನಂಗೇನೂ ಗೊತ್ತಿಲ್ಲ, ನಾನೇನೂ ಕೇಳಿಲ್ಲ” ಎಂದು ಹೇಳಿ, “ಹುಡುಗರಿಗೆ ಬೂಟು ಬಿಚ್ಚಿ ಬರೋಕೆ ಹೇಳು” ಎಂದೂ ಸೇರಿಸಿದರು.

ಉಳಿದಿದ್ದು ಷಹ್ಲಾ. ಅವಳನ್ನು ಸರಿಪಡಿಸುವುದೇ ಕಷ್ಟದ ಕೆಲಸವಾಯಿತು.

“ನೋಡಮ್ಮ, ಇವತ್ತೊಂದು ದಿನ ನಿಂಗೆ ಏನೂ ಗೊತ್ತಿಲ್ಲ.”

“ಗೊತ್ತಿದೆಯಲ್ಲ ಸಾರ್?”

“ಗೊತ್ತಿದ್ರೂ ಗೊತ್ತಿಲ್ಲ. ಏನು ಕೇಳಿದ್ರೂ ತಪ್ಪು ಹೇಳಬೇಕು.”

“ಎಷ್ಟು ತಪ್ಪು ಸಾರ್? ಪೂರ್ತಿ ತಪ್ಪಾ, ಹತ್ತಿರ ಬಂದು ತಪ್ಪಾ?”

“ನಿಂಗೆ ಹೇಗೆ ಬರುತ್ತೋ ಹಾಗೆ.”

“ತಪ್ಪು ಹೇಳೋಕೆ ನಂಗೆ ಬರಲ್ಲ ಸಾರ್. ಉಮ್ಮಾಗೆ ಗೊತ್ತಾದ್ರೆ ಏನಂತಾಳೆ?” ಎಂದು ಹುಡುಗಿ ಅಳುಮೋರೆ ಮಾಡಿದಳು. ಹರೀಂದ್ರನ್ ಕೈಮುಗಿದ ಮೇಲೆ ಹೇಗೋ ಒಪ್ಪಿದಳು.

ಇಂದಿರಾ ವಾರಸ್ಯಾರ್ ಬಂದರು. ಬಿಳಿ ಕೂದಲು, ಅಂಚಿನ ಸೀರೆ. ನೋಡಿದರೆ ಯಾರದೋ ಮನೆಯ ಅಜ್ಜಿ ಎನ್ನಿಸಬೇಕು. ಪದ್ಮಾವತಿ ಟೀಚರ್ ಮೇಜಿನ ಮೇಲೆ ಜೋಡಿಸಿಟ್ಟ ಗೋಡಂಬಿ, ಬಾಳೆಕಾಯಿ ಚಿಪ್ಸಿನ ಕಡೆ ಅವರು ತಿರುಗಿಯೂ ನೋಡಲಿಲ್ಲ. “ಮೊದಲು ಮಕ್ಕಳು” ಎಂದು ನೇರವಾಗಿ ಕೋಣೆಗೆ ನಡೆದರು.

ಅವರು ಹೊಸ್ತಿಲು ದಾಟಿದ್ದೇ ತಡ, ಹದಿನಾಲ್ಕು ಜನ ಒಂದೇ ಕೀಲಿ ಕೊಟ್ಟಂತೆ ಎದ್ದು ಸೆಟೆದು ನಿಂತರು. ಬೆಂಚುಗಳು ಒಂದೇ ಸಲ ಕಿರ್ರೆಂದವು.

“ಎಂಥ ಶಿಸ್ತು,” ಎಂದರು ವಾರಸ್ಯಾರ್. ಆಮೇಲೆ ಒಬ್ಬೊಬ್ಬರ ತಲೆಯನ್ನೂ ನೋಡಿದರು. “ಎಲ್ಲರೂ ಯಾಕೆ ಒಂದೇ ಥರ ಕೂದಲು ಕತ್ತರಿಸಿಕೊಂಡಿದ್ದಾರೆ?”

“ಅದು... ಓದೋವಾಗ ತಲೆ ತಂಪಾಗಿರಲಿ ಅಂತ ಮೇಡಂ,” ಎಂದ ಹರೀಂದ್ರನ್. ಹೇಳಿದ ಮೇಲೆ ಅವನ ತಲೆಯೇ ಕಾದ ಕಾವಲಿಯಾಯಿತು.

ವಾರಸ್ಯಾರ್ ಹಿಂದಿನ ಬೆಂಚಿಗೆ ಹೋಗಿ ಹುಡುಗರ ನಡುವೆ ಜಾಗ ಮಾಡಿಸಿಕೊಂಡು ಕುಳಿತರು. ಪಕ್ಕದಲ್ಲಿದ್ದವನು ಷಿಂಜಿತ್, ಕೆಡೆಟ್‌ಗಳ ಮುಂದಾಳು. “ಮೋನೇ, ಹೆದರಬೇಡ. ಒಂದು ವಸ್ತು ಓಡ್ತಾ ಇದೆ ಅಂತಿಟ್ಟುಕೋ. ಅದನ್ನ ಯಾರೂ ತಡೀಲಿಲ್ಲ. ಏನಾಗುತ್ತೆ?”

ಷಿಂಜಿತ್ ಎದ್ದು ಎದೆಯುಬ್ಬಿಸಿದ. “ಯಾರಾದರೂ ‘ಥಮ್’ ಅಂತ ನಿಲ್ಲಿಸೋ ತನಕ ಹೋಗ್ತಾನೇ ಇರುತ್ತೆ ಮೇಡಂ.”

“ಯಾರೂ ಅನ್ನದೇ ಇದ್ರೆ?”

“ಹೋಗ್ತಾನೇ ಇರುತ್ತೆ ಮೇಡಂ. ಹೋದ ತಿಂಗಳು ಹೇಳೋರು ಫೋನಲ್ಲಿದ್ರು. ನಾವು ಹೋಗಿ ಗೋಡೆಗೆ ಡಿಕ್ಕಿ ಹೊಡೆದ್ವಿ.”

ಹರೀಂದ್ರನ್‌ಗೆ ಕೆಮ್ಮು ಒತ್ತರಿಸಿಕೊಂಡು ಬಂತು. ವಾರಸ್ಯಾರ್ ಮಾತ್ರ ಕಣ್ಣರಳಿಸಿದರು. “ಕೇಳಿದಿರಾ ಪದ್ಮಾವತೀ? ಪುಸ್ತಕದಲ್ಲಿ ಹೀಗೆ ಎಲ್ಲಿದೆ? ಹುಡುಗ ಜಡತ್ವವನ್ನ ತನ್ನ ಬದುಕಲ್ಲಿ ಕಂಡುಕೊಂಡಿದ್ದಾನೆ.” ಅವರು ಮುಂದಿನ ಬೆಂಚಿನವನ ಕಡೆ ತಿರುಗಿದರು. “ನೀನು ಹೇಳು. ಒಂದು ಕಡೆಯಿಂದ ಒಂದು ಕ್ರಿಯೆ ನಡೆದರೆ ಇನ್ನೊಂದು ಕಡೆ ಏನಾಗಬೇಕು?”

ಹುಡುಗ ತುಸು ಯೋಚಿಸಿದ. “ಈ ಕಡೆ ಎಷ್ಟು ಬರೀತೀವೋ ಆ ಕಡೆಯೂ ಅಷ್ಟೇ ಬರೀಬೇಕು ಮೇಡಂ. ಇಲ್ಲದಿದ್ರೆ ಟ್ಯಾಲಿ ಆಗಲ್ಲ.”

“ಭೇಷ್. ಸಮ ಮತ್ತು ವಿರುದ್ಧ. ಟ್ಯಾಲಿ ಆಗಲ್ಲ, ಎಷ್ಟು ಚಂದದ ಮಾತು,” ಎಂದು ವಾರಸ್ಯಾರ್ ತೊಡೆ ತಟ್ಟಿಕೊಂಡರು. “ಬಲವನ್ನ ಯಾವುದರಲ್ಲಿ ಅಳೀತಾರೆ?”

“ಬಸ್ಕಿಯಲ್ಲಿ ಮೇಡಂ,” ಎಂದ ಮೂರನೆಯವನು.

“ಇದಕ್ಕೆ ಉತ್ತರ ನೀನು ಹೇಳು ಮೋಳೇ,” ಎಂದು ವಾರಸ್ಯಾರ್ ಷಹ್ಲಾಳನ್ನು ತೋರಿಸಿದರು. ಅಲ್ಲಿಯ ತನಕ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅದುಮಿಕೊಂಡು ಕುಳಿತಿದ್ದ ಹುಡುಗಿ ಎದ್ದಳು.

“ಲೀಟರ್...” ಎಂದಳು. ಕೆಳದುಟಿ ಅದುರಿತು. “ಲೀಟರ್ ಅಲ್ಲ ಮೇಡಂ. ನ್ಯೂಟನ್.” ಅಷ್ಟು ಹೇಳಿ ಮುಖ ಮುಚ್ಚಿಕೊಂಡು ಬಿಕ್ಕಿದಳು. “ಸಾರ್, ಕ್ಷಮಿಸಿ. ನನ್ನ ಕೈಲಿ ಆಗಲಿಲ್ಲ.”

ಎಲ್ಲ ಮುಗಿಯಿತು ಎಂದುಕೊಂಡ ಹರೀಂದ್ರನ್. ಕೊಡೆ ಅಂಗಡಿಯ ಷಟರು ಮೇಲೇಳುವ ಸದ್ದೇ ಅವನ ಕಿವಿಗೆ ಬಿದ್ದಂತಾಯಿತು.

ವಾರಸ್ಯಾರ್ ಎದ್ದು ಹೋಗಿ ಷಹ್ಲಾಳ ತಲೆ ನೇವರಿಸಿದರು. “ಅಳಬೇಡ. ತಪ್ಪಿದ್ದು ನಿಂಗೇ ತಿಳೀತು, ನೀನೇ ತಿದ್ದಿಕೊಂಡೆ. ಕಲಿಯೋದು ಅಂದ್ರೆ ಇಷ್ಟೇ.” ಅವರ ದನಿ ಇಳಿಯಿತು. “ನಾನೂ ಒಂದನೇ ವರ್ಷ ಫಿಸಿಕ್ಸಲ್ಲಿ ಫೇಲಾದವಳೇ. ಹಾಸ್ಟೆಲಲ್ಲಿ ಬಾಗಿಲು ಹಾಕ್ಕೊಂಡು ಅತ್ತಿದ್ದೆ. ‘ಅರ್ಥ ಆಗ್ತಿಲ್ಲ’ ಅಂತ ಹೋಗಿ ಹೇಳೋಕೆ ಇಂಥದ್ದೊಂದು ಕೋಣೆ ಆಗ ಇರಲಿಲ್ಲ. ಅದಕ್ಕೇ ಈ ಯೋಜನೆಗೋಸ್ಕರ ಎಲ್ಲರ ಹತ್ತಿರ ಜಗಳ ಆಡಿದೆ. ಆದ್ರೆ ಹೋದಲ್ಲೆಲ್ಲ ಏನು ಮಾಡ್ತಾರೆ ಗೊತ್ತಾ? ಜಾಣ ಮಕ್ಕಳನ್ನ ತಂದು ಕೂರಿಸಿ ನಂಗೆ ಟೋಪಿ ಹಾಕ್ತಾರೆ. ನಿಜವಾಗಿ ಏನೂ ಗೊತ್ತಿಲ್ಲದ ಮಕ್ಕಳನ್ನ ನಾನು ಕಂಡಿದ್ದು ಇಲ್ಲೇ ಮೊದಲು.”

ಇಷ್ಟು ಒಳ್ಳೆಯ ಹೆಂಗಸಿಗೆ ತಾನೂ ಟೋಪಿ ಹಾಕಿದೆನಲ್ಲ ಎಂದು ಹರೀಂದ್ರನ್ ಮನಸ್ಸು ಚುರುಗುಟ್ಟಿತು. ಹೇಳಿಬಿಡೋಣ, ಕೆಲಸ ಹೋದರೆ ಹೋಗಲಿ ಎಂದು, “ಮೇಡಂ, ಒಂದು ಮಾತು ಹೇಳಬೇಕಿತ್ತು,” ಎಂದು ಬಾಯಿ ತೆರೆದ.

“ನೀವೇನೂ ಹೇಳಬೇಡಿ ಮಾಷೇ. ಮಕ್ಕಳೇ ಎಲ್ಲ ಹೇಳಿದ್ದಾರೆ,” ಎಂದರು ವಾರಸ್ಯಾರ್. ಅದೇ ಹೊತ್ತಿಗೆ ಪದ್ಮಾವತಿ ಟೀಚರ್ ಹಿಂದಿನಿಂದ ಅವನ ತೋಳನ್ನು ಎಷ್ಟು ಜೋರಾಗಿ ಜಿಗುಟಿದರೆಂದರೆ ಉಳಿದ ಮಾತು ಅಲ್ಲೇ ಸತ್ತಿತು.

“ಕೈತ್ತಾಂಗ್ ಇಲ್ಲಿ ಮುಂದುವರಿಯುತ್ತೆ. ನೀವೂ ಇರ್ತೀರಿ,” ಎಂದು ವಾರಸ್ಯಾರ್ ಫೋನು ಹೊರತೆಗೆದರು. “ಮಕ್ಕಳೇ, ಹತ್ತಿರ ಬನ್ನಿ, ಒಂದು ಫೋಟೋ.” ಹದಿನೈದು ಮುಖಗಳೂ ಸರಿಯಾಗಿ ಬಂದಿವೆಯೇ ಎಂದು ದೊಡ್ಡದು ಮಾಡಿ ನೋಡಿಕೊಂಡು ಹರೀಂದ್ರನ್ ಕಡೆ ತಿರುಗಿದರು. “ಮಾರ್ಚಿಗೆ ನಾನೇ ಪ್ರಶ್ನೆಪತ್ರಿಕೆ ತರ್ತೀನಿ. ಇದೇ ಕೋಣೆಯಲ್ಲಿ, ನನ್ನ ಕಣ್ಣ ಮುಂದೆ, ಇದೇ ಹದಿನೈದು ಮುಖಗಳು ಒಂದನೇ ವರ್ಷದ ಫಿಸಿಕ್ಸ್ ಪರೀಕ್ಷೆ ಬರೀಬೇಕು. ಪಾಸಾದ್ರೆ ನಿಮ್ಮ ಕೆಲಸವನ್ನ ಕಾಯಂ ಮಾಡಿಸೋ ಜವಾಬ್ದಾರಿ ನಂದು. ಆದ್ರೆ ಹದಿನಾರನೆಯವರು ಯಾರೂ ಈ ಕೋಣೆ ಒಳಗೆ ಕಾಲಿಡಬಾರದು. ಮಧ್ಯದಲ್ಲಿ ಜಾಣರನ್ನ ನುಸುಳಿಸೋ ಚಾಳಿ ನಂಗೆ ಗೊತ್ತು. ನನ್ನ ಕಡೆಯವರು ಯಾವತ್ತು ಬೇಕಾದ್ರೂ ಬಂದು ತಲೆ ಎಣಿಸ್ತಾರೆ.”

ಕಾರು ಗುಡ್ಡ ಇಳಿಯಿತು. ಪದ್ಮಾವತಿ ಟೀಚರ್ ಗೋಡಂಬಿಯ ತಟ್ಟೆ ಎತ್ತಿಕೊಂಡು ಮೆಲ್ಲಗೆ ಮರೆಯಾದರು. ಕೋಣೆಯಲ್ಲಿ ಉಳಿದವರು ಹರೀಂದ್ರನ್, ಮೂಗು ಒರೆಸಿಕೊಳ್ಳುತ್ತಿದ್ದ ಷಹ್ಲಾ, ಕಾಮರ್ಸಿನ ಹದಿನಾಲ್ಕು ಜನ.

“ಸಾರ್, ವಿಶ್ರಾಮ್ ಆಗ್ಬಹುದಾ?” ಎಂದ ಷಿಂಜಿತ್.

“ಮಾರ್ಚ್ ತನಕ ಇಲ್ಲ,” ಎಂದ ಹರೀಂದ್ರನ್.

ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ಕ್ಯಾಪ್ಟನ್‌ಗೆ ಫೋನು ಹಚ್ಚಿದ. ಜೋಸ್‌ಕುಟ್ಟಿಯ ದನಿ ಎಲ್ಲರಿಗೂ ಕೇಳಿತು. “ಕೊಟ್ಟ ಮಾತು ಕೊಟ್ಟಿದ್ದೇ. ಒಬ್ಬನೂ ಜಾಗ ಬಿಟ್ಟು ಕದಲಬಾರದು.” ಯಾರೂ ಕದಲಲಿಲ್ಲ. ಹರೀಂದ್ರನ್ ಸೀಮೆಸುಣ್ಣ ಎತ್ತಿಕೊಂಡ. ಪ್ಲಸ್ ಟೂವಿನಲ್ಲಿ ಫಿಸಿಕ್ಸಿನ ಗಂಧವನ್ನೇ ಆಘ್ರಾಣಿಸದ ಹದಿನಾಲ್ಕು ಜನರನ್ನು ಮಾರ್ಚಿನೊಳಗೆ ದಡ ಮುಟ್ಟಿಸಬೇಕು. ಎಲ್ಲಿಂದ ಶುರುಮಾಡುವುದೆಂದು ತೋಚದೆ, ಆಗಲೇ ಸ್ವಚ್ಛವಾಗಿದ್ದ ಕರಿಹಲಗೆಯನ್ನು ಮತ್ತೆ ಒರೆಸಿದ.

ಬಾಗಿಲ ಹತ್ತಿರ ಕಾಲ ಸಪ್ಪಳವಾಯಿತು. ಏಳೆಂಟು ಜನ ಒಬ್ಬರ ಹಿಂದೊಬ್ಬರು ಅವಿತುಕೊಂಡಂತೆ ನಿಂತಿದ್ದರು. ಒಂದನೇ ವರ್ಷದ ಫಿಸಿಕ್ಸ್ ಮಕ್ಕಳು. ಮಧ್ಯಾಹ್ನದಿಂದ ಕಾದರೂ ಬಸ್ಸು ಬಾರದೆ ಸ್ಟಾಪಿನಿಂದ ವಾಪಸು ಬಂದಿದ್ದರು. ಎಲ್ಲರಿಗಿಂತ ಮುಂದೆ ಸ್ನಿಗ್ಧಾ ಎಂಬ ತೆಳ್ಳನೆಯ ಹುಡುಗಿ, ದುಪಟ್ಟಾದ ಚುಂಗನ್ನು ಬೆರಳಿಗೆ ಸುತ್ತುತ್ತಿದ್ದಳು.

“ಸಾರ್, ನಾವೂ ಬರ್ಬಹುದಾ?”

ಹರೀಂದ್ರನ್‌ಗೆ ಕಿವಿಯನ್ನು ನಂಬಲಾಗಲಿಲ್ಲ. “ಬೆಳಿಗ್ಗೆ ಕೇಳಿದಾಗ ಎಲ್ಲ ಗೊತ್ತು ಅಂದ್ರಿ?”

“ನಾಚಿಕೆ ಆಗಿತ್ತು ಸಾರ್. ಈ ಕೋಣೆಗೆ ಹೋದ್ರೆ ಎಲ್ಲರೂ ನಗ್ತಾರೆ ಅಂತ. ಈಗ ಕ್ಯಾಂಟೀನ್ ಹತ್ರ ಬಂದು ನೋಡಿದ್ರೆ ಎನ್.ಸಿ.ಸಿ.ಯವರೆಲ್ಲ ಕೂತಿದ್ದಾರೆ. ಅವರ ಮುಂದಾಳು ಷಿಂಜಿತ್ತೇ ಕೂತಿದ್ದಾನೆ. ಷಹ್ಲಾನೂ ಇದ್ದಾಳೆ. ಅವರಿಗಿಲ್ಲದ ನಾಚಿಕೆ ನಮಗ್ಯಾಕೆ ಅನ್ನಿಸ್ತು.” ಅವಳು ತಲೆ ತಗ್ಗಿಸಿದಳು. “ನಂಗೆ ವೆಕ್ಟರ್ ಅಂದ್ರೆ ಏನು ಅಂತಾನೇ ಅರ್ಥ ಆಗಿಲ್ಲ ಸಾರ್. ಮನೇಲಿ ಯಾರಿಗೂ ಹೇಳಿಲ್ಲ. ಓದು ಬಿಟ್ಟುಬಿಡೋಣ ಅಂತಿದ್ದೆ.”

ಈ ಒಂದು ಮಾತನ್ನು ಕೇಳಲು ಹರೀಂದ್ರನ್ ಮೂರು ತಿಂಗಳು ಕಾದಿದ್ದ. ಬಾ ಎಂದು ಕೈ ಮುಂದೆ ಚಾಚಿದವನು ಅಲ್ಲೇ ತಡೆದುಕೊಂಡ. ತಿರುಗಿ ಕೋಣೆಯ ಒಳಗೆ ನೋಡಿದ. ಹದಿನೈದು ಮುಖಗಳು ಅವನನ್ನೇ ನೋಡುತ್ತಿದ್ದವು.

“ಚಪ್ಪಲಿ ಬಾಗಿಲ ಮುಂದೆ ಬೇಡ, ಆ ಕಡೆ ಬಿಡಿ,” ಎಂದ ಸಣ್ಣ ದನಿಯಲ್ಲಿ. “ಒಳಗೆ ಬರಬೇಡಿ. ವರಾಂಡದಲ್ಲಿ, ಆ ಕಿಟಕಿ ಹತ್ರ ನಿಂತ್ಕೊಳ್ಳಿ. ನಾನು ಗಟ್ಟಿಯಾಗಿ ಹೇಳ್ತೀನಿ. ಯಾರಾದರೂ ತಲೆ ಎಣಿಸೋಕೆ ಬಂದ್ರೆ ಬಸ್ಸಿಗೆ ಕಾಯ್ತಿದ್ದೀವಿ ಅನ್ನಿ.”

ಮಕ್ಕಳು ಕಿಟಕಿಯ ಸರಳುಗಳಿಗೆ ಮುಖ ಒತ್ತಿ ಸಾಲಾಗಿ ನಿಂತರು. ಪುಸ್ತಕಗಳನ್ನು ಗೋಡೆಗೆ ಆನಿಸಿಕೊಂಡು ಪೆನ್ನು ತೆಗೆದರು. ಹರೀಂದ್ರನ್ ಹಲಗೆಯ ಮೇಲೊಂದು ಬಾಣ ಎಳೆದು, ಕಾಮರ್ಸಿನವರ ಮುಖ ನೋಡುತ್ತ, ಕಿಟಕಿಗೆ ಕೇಳುವಂತೆ, ವೆಕ್ಟರ್ ಎಂದರೇನು ಎಂದು ಶುರುಮಾಡಿದ.

ಬೀಗದ ಕೈಗೊಂಚಲು ಹಿಡಿದು ಅತ್ತ ಬಂದ ಕುಞ್ಞಿರಾಮನ್ ವರಾಂಡದಲ್ಲಿ ನಿಂತವರನ್ನು ಕಂಡು ಮರುಗಿದರು. “ಅಯ್ಯೋ ಮಾಷೇ, ಪಾಪ ಈ ಮಕ್ಕಳನ್ನ ಯಾಕೆ ಹೊರಗೆ ನಿಲ್ಲಿಸಿದ್ದೀರಿ? ಅಂಥ ತಪ್ಪು ಏನು ಮಾಡಿದ್ರು ಅವರು?”

“ಫಿಸಿಕ್ಸ್ ತಗೊಂಡಿದ್ದಾರೆ ರಾಮೇಟ್ಟ,” ಎಂದ ಹರೀಂದ್ರನ್, ಹಲಗೆಯಿಂದ ತಿರುಗದೆ.